ನಾಲ್ಕನೇ ನಂಬರಿನ ಬಸ್ಸು

ಎದೆಯ ಎಡಬದಿಗೆ ಹಸಿರು ಬಣ್ಣದ ದುಂಡು ಸ್ಟಿಕ್ಕರ್. ಅದರ ಮೇಲೆ ದಪ್ಪಗೆ 4. ಬೆಳಿಗ್ಗೆ ಎಂಟೂಕಾಲಿಗೆ ಹಡಗಿನ ನಾಟಕ ಮಂದಿರದಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಅಂಟಿಸಿದ್ದು. ‘ದಯವಿಟ್ಟು ಕೀಳಬೇಡಿ, ವಾಪಸು ಬರುವವರೆಗೂ ಇದೇ ನಿಮ್ಮ ಬಸ್ಸು’ ಎಂದು ಆ ಹುಡುಗಿ ಹೇಳಿದಾಗ ನನಗೆ ನಗು ಬಂತು. ಅದೇ ಮಾತನ್ನು ಅದೇ ಮುಖಭಾವದಲ್ಲಿ ನಾನೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಡಿಗ್ರಿ ಓದುವಾಗ ಮೂರು ವರ್ಷ, ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದ ದಿನಗಳಲ್ಲಿ ನಾನು ಗೈಡ್ ಆಗಿದ್ದೆ. ದಿನಕ್ಕೆ ಎಂಟುನೂರು ರೂಪಾಯಿ, ಮಧ್ಯಾಹ್ನದ ಊಟ, ಸಿಕ್ಕಿದರೆ ಟಿಪ್ಸು. ಚೆಂಡೆಯ ಸದ್ದಿನ ನಡುವೆ ಬಿಳಿಯರು ಮೆಟ್ಟಿಲಿಳಿದು ಬರುತ್ತಿದ್ದರು. ಯಕ್ಷಗಾನದ ವೇಷದ ಪಕ್ಕ ನಿಂತು ಒಂದು ಫೋಟೋ, ಆಮೇಲೆ ಎ.ಸಿ. ಬಸ್ಸು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡೆ ತುಂಬ ಚಿತ್ರಗಳಿರುವ ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ, ಮಾರ್ಕೆಟ್ಟು, ವಾಪಸು ಹಡಗು. ಏಳು ಗಂಟೆಯಲ್ಲಿ ಒಂದು ಊರು.

ಇದಕ್ಕೆ ಹಡಗಿನವರ ಭಾಷೆಯಲ್ಲಿ ಶೋರ್ ಎಕ್ಸ್‌ಕರ್ಶನ್ ಎಂದು ಹೆಸರು. ಈಗ ನಾನು ಆ ಹೆಸರಿನ ಇನ್ನೊಂದು ತುದಿಯಲ್ಲಿ, ಶಾಂತ ಸಾಗರದ ನಡುವಿನ ರಾಯಾತೆಯಾ ಎಂಬ ದ್ವೀಪದಲ್ಲಿ, ಸ್ಟಿಕ್ಕರ್ ಅಂಟಿಸಿಕೊಂಡು ನಿಂತಿದ್ದೆ.

ಪಿಎಚ್‌ಡಿ ವಿದ್ಯಾರ್ಥಿಗೆ ಇಂಥ ಹಡಗಿನಲ್ಲಿ ಏನು ಕೆಲಸ ಎಂದು ಕೇಳುವವರಿಗೆ: ನನ್ನ ಅಣ್ಣ ಅದರ ಅಡುಗೆಮನೆಯಲ್ಲಿದ್ದಾನೆ. ಕರಾವಳಿಯ ಎಷ್ಟೋ ಹುಡುಗರ ಹಾಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿದವನು. ಸಿಬ್ಬಂದಿಯ ಮನೆಯವರಿಗೆ ತೀರಾ ಕಡಿಮೆ ದರದಲ್ಲಿ ಖಾಲಿ ಉಳಿದ ಕೋಣೆ ಕೊಡುವ ಪದ್ಧತಿ ಉಂಟಂತೆ. ಅಮ್ಮ ಬರುವುದಿಲ್ಲ ಎಂದಳು. ನಾನು ಆಕ್ಲೆಂಡಿನಲ್ಲಿ ಓದುತ್ತಿರುವುದರಿಂದ ಉಳಿದವರಿಗಿಂತ ಹತ್ತಿರ. ಶನಿವಾರ ಮಧ್ಯಾಹ್ನ ಆಕ್ಲೆಂಡ್ ಬಿಟ್ಟ ವಿಮಾನ ನಡುವೆ ದಿನಾಂಕ ರೇಖೆ ದಾಟಿ, ಶುಕ್ರವಾರ ರಾತ್ರಿ ತಹೀತಿಯಲ್ಲಿ ಇಳಿಯಿತು. ಹೀಗೆ ಪುಕ್ಕಟೆ ಸಿಕ್ಕ ಒಂದು ದಿನವನ್ನು ಏನು ಮಾಡುವುದೆಂದು ತಿಳಿಯದೆ ಮಲಗಿ ಕಳೆದೆ.

ಹಡಗಿನಲ್ಲಿ ಅಣ್ಣ ನನಗೆ ಸಿಕ್ಕಿದ್ದು ಕಡಿಮೆ. ನಾನು ಮೇಲೆ, ಅವನು ಕೆಳಗೆ. ಅವನ ಕೆಲಸ ಬೆಳಿಗ್ಗೆ ಐದಕ್ಕೆ ಶುರು. ನಾನು ತಿನ್ನುವ ಆಮ್ಲೆಟ್ಟಿನ ಮೊಟ್ಟೆ ಅವನು ಒಡೆದದ್ದೋ ಎಂದು ಕೇಳಿದರೆ, ‘ನಾನು ತರಕಾರಿ ಸೆಕ್ಷನ್ನು ಮಾರಾಯ್ತಿ, ಮೊಟ್ಟೆಯವನು ಗೋವಾದವನು’ ಎನ್ನುತ್ತಾನೆ. ಉತುರೋವಾ ಎಂಬ ಈ ಬಂದರಿಗೆ ಅವನು ಹತ್ತೊಂಬತ್ತು ಸಲ ಬಂದಿದ್ದಾನಂತೆ. ಏನು ನೋಡಿದ್ದೀ ಎಂದು ಕೇಳಿದೆ. ‘ಹಡಗುಕಟ್ಟೆಯ ಎದುರು ಒಂದು ಅಂಗಡಿ ಉಂಟು. ಅಲ್ಲಿ ವೈಫೈ ಒಳ್ಳೆದುಂಟು’ ಎಂದ.

ಉತುರೋವಾದಲ್ಲಿ ಹಡಗು ಪೇಟೆಯ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಬೇರೆ ದ್ವೀಪಗಳಲ್ಲಿದ್ದ ಹಾಗೆ ಸಣ್ಣ ದೋಣಿ ಹತ್ತಿ ದಡಕ್ಕೆ ಹೋಗುವ ತಾಪತ್ರಯವಿಲ್ಲ. ಕೆಳಗಿಳಿದರೆ ಹೂವಿನ ಕಿರೀಟ ತೊಟ್ಟ ಹೆಂಗಸರು, ಉಕುಲೇಲೆ ಬಾರಿಸುವ ಮೂವರು ಮುದುಕರು. ಅವರ ಬೆರಳು ಬಾರಿಸುತ್ತಿತ್ತು, ಕಣ್ಣು ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಯಾರನ್ನೋ ಮಾತಾಡಿಸುತ್ತಿತ್ತು. ನಮ್ಮ ಚೆಂಡೆಯವರೂ ಹೀಗೇ. ತಾಳ ತಪ್ಪದ ಹಾಗೆ ಮೊಬೈಲ್ ನೋಡುತ್ತಿದ್ದರು. ಬಂದವರ್‍ಯಾರೂ ಅದನ್ನು ಗಮನಿಸುವುದಿಲ್ಲ. ಗೈಡ್ ಆಗಿದ್ದವಳು ಮೊದಲು ಗಮನಿಸುವುದೇ ಅದನ್ನು.

ನಮ್ಮ ಗೈಡ್ ಐವತ್ತು ದಾಟಿದ, ಎತ್ತರದ ಹೆಂಗಸು. ಕಿವಿಯ ಹಿಂದೆ ಬಿಳಿಯ ತಿಯಾರೆ ಹೂವು. ‘ಇಯಾ ಓರಾನಾ’ ಎಂದಳು, ನಮಸ್ಕಾರ. ಎಲ್ಲರೂ ಹೇಳುವವರೆಗೆ ಬಿಡಲಿಲ್ಲ. ಬಸ್ಸು ದ್ವೀಪದ ಪೂರ್ವ ದಡ ಹಿಡಿದು ಹೊರಟಿತು. ಎಡಕ್ಕೆ ಕನ್ನಡಿಯಂಥ ಒಳಗಡಲು, ಅದರಾಚೆ ಹವಳದ ದಂಡೆಗೆ ಅಲೆ ಒಡೆಯುವ ಬಿಳಿಯ ಗೆರೆ. ಬಲಕ್ಕೆ ನೇರ ಎದ್ದ ಬೆಟ್ಟ. ರಾಯಾತೆಯಾಕ್ಕೂ ಪಕ್ಕದ ತಾಹಾ ದ್ವೀಪಕ್ಕೂ ಒಂದೇ ಹವಳದ ಬೇಲಿ, ಜಗಳವಾಡಿ ಬೇರೆಯಾದ ಅಕ್ಕತಂಗಿಯರು ಒಂದೇ ಅಂಗಳದಲ್ಲಿರುವ ಹಾಗೆ ಎಂದು ಗೈಡ್ ಹೇಳಿ ಒಂದು ಕ್ಷಣ ಸುಮ್ಮನಾದಳು. ಎಲ್ಲರೂ ನಕ್ಕರು. ಆ ಒಂದು ಕ್ಷಣದ ಮೌನ ಎಷ್ಟು ಉದ್ದ ಇರಬೇಕೆಂದು ಕಲಿಯಲು ನನಗೆ ಒಂದು ಇಡೀ ಸೀಸನ್ ಹಿಡಿದಿತ್ತು.

ಕಿಟಕಿಯಾಚೆ ನೋಡುತ್ತ ಹೋದಂತೆ ನನಗೆ ಬೇರೆಯದೇ ಫಜೀತಿ. ಅಕ್ಕಪಕ್ಕದವರು ‘ಇದೇನು ಮರ, ಇದೇನು ಗಿಡ’ ಎಂದು ಬೆರಗಾಗುತ್ತಿದ್ದರೆ ನನಗೆ ಎಲ್ಲವೂ ಗೊತ್ತಿದ್ದವೇ. ಮನೆಯ ಹಿಂದೆ ಕೆಸು. ಬೇಲಿಗೆ ದಾಸವಾಳ. ದಡದಲ್ಲಿ ಸುರಹೊನ್ನೆ, ಇವರು ಅದನ್ನು ತಮಾನು ಎನ್ನುತ್ತಾರೆ, ಅದರ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ತುಂಬಿ ಚರ್ಮಕ್ಕೆ ಒಳ್ಳೆಯದೆಂದು ಮಾರುತ್ತಾರೆ. ಮತ್ತೆ ಎಲ್ಲ ಮನೆಯ ಎದುರೂ ಜೀಗುಜ್ಜೆ. ಅಗಲ ಹರಿದ ಎಲೆ, ತೂಗುವ ಹಸಿರು ಕಾಯಿ, ಥೇಟು ನಮ್ಮ ಹಿತ್ತಿಲಿನದೇ. ಇಲ್ಲಿ ಅದಕ್ಕೆ ಉರು ಎಂದು ಹೆಸರು. ಕೆರಿಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಊಟವಾಗುತ್ತದೆಂದು ಇದರ ಸಸಿಗಳನ್ನು ಒಯ್ಯಲು ಬ್ರಿಟಿಷರು ಬೌಂಟಿ ಎಂಬ ಹಡಗನ್ನು ತಹೀತಿಗೆ ಕಳಿಸಿದ್ದರು. 1789ರಲ್ಲಿ ನಾವಿಕರು ದಂಗೆಯೆದ್ದು ಕ್ಯಾಪ್ಟನನ್ನೂ ಇಳಿಸಿದರು, ಸಸಿಗಳನ್ನೂ ಕಡಲಿಗೆ ಎಸೆದರು. ಬಸ್ಸಿನಲ್ಲಿ ಆ ಕತೆಗೆ ಎಲ್ಲರೂ ತಲೆಯಾಡಿಸಿದರು, ಸಿನಿಮಾ ನೋಡಿದ್ದಾರೆ. ನಾನು ಮಾತ್ರ ಜೀಗುಜ್ಜೆ ಪೋಡಿಯ ಬಗ್ಗೆ ಯೋಚಿಸುತ್ತಿದ್ದೆ.

ಫಾಆರೋವಾ ಎಂಬಲ್ಲಿ ಕಡಲು ದ್ವೀಪದ ಒಳಕ್ಕೆ ಉದ್ದ ಕೈ ಚಾಚಿದೆ. ಅದರ ತುದಿಗೆ ಒಂದು ನದಿ, ದೋಣಿ ಹೋಗುವಷ್ಟು ನೀರಿರುವುದು. ಹಳೆಯ ಕಾಲದಲ್ಲಿ ಹವಾಯಿಗೂ ನ್ಯೂಜಿಲೆಂಡಿಗೂ ಜನ ದೊಡ್ಡ ಜೋಡಿದೋಣಿಗಳಲ್ಲಿ ಹೊರಟದ್ದು ಇಲ್ಲಿಂದಲೇ ಎಂಬುದು ಇಲ್ಲಿಯವರ ನಂಬಿಕೆ. ಈ ದ್ವೀಪದ ಹಳೆಯ ಹೆಸರು ಹವಾಇಇ. ಆಕ್ಲೆಂಡಿನಲ್ಲಿ ನನ್ನ ಮಾವೋರಿ ಗೆಳತಿಯರು ತಮ್ಮ ಮೂಲವನ್ನು ಹವಾಯ್ಕಿ ಎನ್ನುತ್ತಾರೆ. ನಾನು ಇಲ್ಲಿಗೆ ಬರುತ್ತೇನೆಂದು ಹೇಳಿದಾಗ ಒಬ್ಬಳು ‘ಅಲ್ಲಿಗೆ ನಾನು ಹೋಗಬೇಕಿತ್ತು’ ಎಂದಿದ್ದಳು. ತಮಾಷೆಗೆ ಹೇಳಿದ್ದಲ್ಲ.

ಓಪೊವಾ ಹಳ್ಳಿ ತಲುಪಿದಾಗ ಬಸ್ಸಿನೊಳಗೆ ಗೈಡ್ ಎದ್ದು ನಿಂತಳು. ಅಲ್ಲಿಯವರೆಗಿನ ತಮಾಷೆಯ ಧ್ವನಿ ಇಲ್ಲ. ‘ಕಲ್ಲಿನ ಮೇಲೆ ಹತ್ತಬೇಡಿ. ಕಲ್ಲು ಎತ್ತಿಕೊಂಡು ಹೋಗಬೇಡಿ. ಉಳಿದದ್ದು ನಿಮಗೆ ಗೊತ್ತಿರಬೇಕು’ ಎಂದಳು. ಅಷ್ಟೇ.

ತಾಪುತಾಪುವಾತೆಯಾ ಒಂದು ಮರಾಯೆ. (ನಮ್ಮ ಕಡೆಯವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾರಾಯ್ರೇಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಅಣ್ಣನಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.) ಮಾಡು ಇಲ್ಲ, ಗೋಡೆ ಇಲ್ಲ, ವಿಗ್ರಹ ಇಲ್ಲ. ಕಪ್ಪು ಕಲ್ಲು ಹಾಸಿದ ದೊಡ್ಡ ಅಂಗಳ. ಅದರ ಒಂದು ಬದಿಗೆ ಹವಳದ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಕಲ್ಲು ತುಂಬಿ ಕಟ್ಟಿದ ಉದ್ದನೆಯ ಜಗಲಿ, ಸುಮಾರು 40 ಮೀಟರ್. ಅದಕ್ಕೆ ಆಹು ಎನ್ನುತ್ತಾರೆ. ಸುತ್ತ ತೆಂಗು, ಆಚೆ ಕಡಲು. ಕಡಲ ಕಡೆಗೆ ಇನ್ನೊಂದು ಸಣ್ಣ ಮರಾಯೆ, ಹೌವಿರಿ. ಅಲ್ಲಿ ಆಳುವವರಿಗೆ ಪಟ್ಟ ಕಟ್ಟುತ್ತಿದ್ದ, ಆಳಿಗಿಂತ ಎತ್ತರದ ಒಂದೇ ಕಲ್ಲು. ಇವೆಲ್ಲಕ್ಕೆ ಎದುರಾಗಿ ಹವಳದ ದಂಡೆಯಲ್ಲಿ ಒಂದು ಕಡಿ, ನಮ್ಮ ಅಳಿವೆ ಬಾಗಿಲಿನ ಹಾಗೆ. ತೆ ಆವಾ ಮೋಆ ಎಂದರೆ ಪವಿತ್ರವಾದ ಬಾಗಿಲು. ದೂರದ ದ್ವೀಪಗಳ ದೋಣಿಗಳು ಆ ಬಾಗಿಲಿನಿಂದ ಒಳಗೆ ಬರುತ್ತಿದ್ದವು. ಬೇರೆ ದ್ವೀಪದಲ್ಲಿ ಹೊಸ ಮರಾಯೆ ಕಟ್ಟುವಾಗ ಇಲ್ಲಿಂದ ಒಂದು ಕಲ್ಲು ಒಯ್ಯುತ್ತಿದ್ದರಂತೆ. ಹಾಗಾಗಿ ಈ ಹೆಸರಿನ ಮರಾಯೆಗಳು ಬೇರೆ ದ್ವೀಪಗಳಲ್ಲೂ ಉಂಟು.

ನೋಡಲಿಕ್ಕೆ ಏನೂ ಇಲ್ಲ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ನಿಜ ಹೇಳಬೇಕೆಂದರೆ ಮೊದಲ ಐದು ನಿಮಿಷ ನನಗೂ ಹಾಗೇ ಅನ್ನಿಸಿತು. ಸಾವಿರ ಕಂಬ ನೋಡಿ ಅಭ್ಯಾಸವಾದ ಕಣ್ಣಿಗೆ ಬಯಲು ಎಂದರೆ ಖಾಲಿ. ಆಮೇಲೆ ನಮ್ಮೂರಿನ ಬನಗಳು ನೆನಪಾದವು. ನಾಗನ ಕಲ್ಲು, ನಾಲ್ಕು ಮರ, ಸುತ್ತ ಒಂದು ಮೋಟುಗೋಡೆ. ಅಲ್ಲಿಯೂ ನೋಡಲಿಕ್ಕೆ ಏನಿದೆ? ಚಪ್ಪಲಿ ಎಲ್ಲಿ ಬಿಡಬೇಕೆಂದು ಗೊತ್ತಿದ್ದವರಿಗೆ ಮಾತ್ರ ಅದು ಸ್ಥಳ.

ಯುನೆಸ್ಕೋ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಅದರ ನಂತರ ಹಡಗಿನವರ ಪಟ್ಟಿಯಲ್ಲೂ ಇದಕ್ಕೆ ಬೆಲೆ ಬಂದಿತು ಎಂದು ಗೈಡ್ ಹೇಳಿದಳು. ಹಾಗಂದರೆ ಏನೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಿಳಿಯ ಟೊಪ್ಪಿಯ ಒಬ್ಬರು ಕೇಳಿದರು: ‘ನರಬಲಿ ಕೊಡುತ್ತಿದ್ದದ್ದು ಎಲ್ಲಿ?’ ಈ ಪ್ರಶ್ನೆ ಬಂದೇ ಬರುತ್ತದೆಂದು ನಾನು ಕಾಯುತ್ತಿದ್ದೆ. ‘ಇಲ್ಲಿಯೇ’ ಎಂದಳು ಗೈಡ್. ‘ಓರೊ ದೇವರಿಗೆ. ಹೌದು, ಕೊಡುತ್ತಿದ್ದರು.’ ಧ್ವನಿ ತಗ್ಗಿಸಲೂ ಇಲ್ಲ, ಏರಿಸಲೂ ಇಲ್ಲ. ಟೊಪ್ಪಿಯವರು ಇನ್ನಷ್ಟು ಬೇಕೆಂಬ ಹಾಗೆ ನಿಂತೇ ಇದ್ದರು. ಆಗ ಮಂತ್ರ ಏನಾದರೂ ಇತ್ತೇ, ಈಗಲೂ ಯಾರಿಗಾದರೂ ಬರುತ್ತದೆಯೇ ಎಂದು ಇನ್ನೊಬ್ಬಾಕೆ ಕೇಳಿದಳು. ಗೈಡ್ ಕಡಲ ಕಡೆ ನೋಡಿ, ‘ನನ್ನ ಅಜ್ಜಿ ಹೇಳಿಕೊಟ್ಟದ್ದು ಸ್ವಲ್ಪ ಉಂಟು. ಅದು ಬಸ್ಸಿನಲ್ಲಿ ಬಂದವರಿಗೆ ಹೇಳುವುದಲ್ಲ’ ಎಂದಳು. ಸಿಟ್ಟಿನಿಂದಲ್ಲ, ಇವತ್ತು ಅಂಗಡಿಗೆ ರಜೆ ಎಂದು ಹೇಳುವ ಹಾಗೆ.

ನನ್ನ ಕಿವಿ ಬಿಸಿಯಾಯಿತು. ಪಣಂಬೂರಿನ ಬಸ್ಸಿನಲ್ಲಿ ಮೂರು ವರ್ಷ ನಾನು ಭೂತಕೋಲಕ್ಕೆ ‘ಡೆವಿಲ್ ಡ್ಯಾನ್ಸ್’ ಎಂದೇ ಹೇಳಿದ್ದೆ. ಬ್ರಿಟಿಷ್ ಅಧಿಕಾರಿಗಳು ನೂರು ವರ್ಷದ ಹಿಂದೆ ಬರೆದ ಪದ ಅದು. ನಮಗೆ ಕೊಟ್ಟ ಟಿಪ್ಪಣಿಯಲ್ಲೂ ಅದೇ ಇತ್ತು. ಅದನ್ನು ಹೇಳಿದ ಕೂಡಲೇ ಬಸ್ಸು ನಿಶ್ಶಬ್ದವಾಗುತ್ತಿತ್ತು, ಹಿಂದಿನ ಸೀಟಿನವರೂ ಮುಂದಕ್ಕೆ ಬಾಗುತ್ತಿದ್ದರು. ಅಜ್ಜಿಯ ಮನೆಯಲ್ಲಿ ಪಂಜುರ್ಲಿಯ ಮುಂದೆ ನಿಂತು ಅವಳು ಕಣ್ಣೀರು ತುಂಬಿ ಅರಿಕೆ ಮಾಡುತ್ತಿದ್ದದ್ದನ್ನು ನಾನು ಅಭಿನಯಿಸಿಯೂ ತೋರಿಸಿದ್ದೆ. ಕೇಳದೇ ಇದ್ದದ್ದನ್ನೂ ಹೇಳುತ್ತಿದ್ದೆ. ಹೇಳುವುದಲ್ಲ ಎಂಬ ಮಾತು ಒಬ್ಬ ಗೈಡಿನ ಬಾಯಿಂದ ಬರಬಹುದೆಂದೇ ನನಗೆ ಗೊತ್ತಿರಲಿಲ್ಲ.

ವಿಚಿತ್ರವೆಂದರೆ, ನಾನು ಈಗ ಸಂಶೋಧನೆ ಮಾಡುತ್ತಿರುವುದೇ ಹೊರಗಿನವರಿಗೆ ತಮ್ಮ ಊರನ್ನು ಬಿಡಿಸಿ ಹೇಳಿದವರ ಬಗ್ಗೆ. ದುಭಾಷಿಗಳು, ದಾರಿ ತೋರಿಸಿದವರು. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಈ ರಾಯಾತೆಯಾದವನ ಮೇಲಿದೆ. ಅವನ ಹೆಸರು ತುಪಾಯಾ. ಇದೇ ಮರಾಯೆಯ ಪರಂಪರೆಯಲ್ಲಿ ಕಲಿತ ಪುರೋಹಿತ, ನಕ್ಷತ್ರ ನೋಡಿ ದೋಣಿ ನಡೆಸಬಲ್ಲವನು. ಬೋರಾಬೋರಾದ ಯೋಧರು ಈ ದ್ವೀಪವನ್ನು ಗೆದ್ದಾಗ ಗಾಯಗೊಂಡು ತಹೀತಿಗೆ ಓಡಿದ್ದ. 1769ರಲ್ಲಿ ಕ್ಯಾಪ್ಟನ್ ಕುಕ್ ತನ್ನ ಎಂಡೆವರ್ ಹಡಗಿನಲ್ಲಿ ಅಲ್ಲಿಗೆ ಬಂದು ಹೊರಡುವಾಗ ತುಪಾಯಾ ಜೊತೆಗೆ ಹತ್ತಿದ. ಹಡಗನ್ನು ತನ್ನ ಊರಾದ ಇಲ್ಲಿಗೇ ಕರೆತಂದ. ಕುಕ್ ಇಲ್ಲಿಳಿದು ಬ್ರಿಟನ್ನಿನ ಬಾವುಟ ಏರಿಸಿದ. ಆ ಹೊತ್ತಿನಲ್ಲಿ ತುಪಾಯಾ ಎಲ್ಲಿ ನಿಂತಿದ್ದ, ಏನು ಯೋಚಿಸಿದ ಎಂದು ನಾನು ಅಧ್ಯಾಯದಲ್ಲಿ ಎರಡು ಪುಟ ಊಹಿಸಿದ್ದೆ. ಮಾರ್ಗದರ್ಶಕರು ಅದನ್ನು ಹೊಡೆದುಹಾಕಿ ‘ಆಧಾರ?’ ಎಂದು ಅಂಚಿನಲ್ಲಿ ಬರೆದರು. ಅವರದು ಸರಿ.

ಅಕ್ಟೋಬರಿನಲ್ಲಿ ಹಡಗು ನ್ಯೂಜಿಲೆಂಡ್ ಮುಟ್ಟಿತು. ಮೊದಲ ದಿನವೇ ಇಂಗ್ಲಿಷರು ಒಬ್ಬ ಮಾವೋರಿಯನ್ನು ಗುಂಡಿಕ್ಕಿ ಕೊಂದರು. ಮರುದಿನ ತುಪಾಯಾ ಮುಂದೆ ಬಂದು ಮಾತಾಡಿದ. ಸಾವಿರಾರು ಮೈಲಿ ಕಡಲು ದಾಟಿದ ಮೇಲೂ ಅವನ ಭಾಷೆ ಅವರಿಗೆ ತಿಳಿಯಿತು. ಎಷ್ಟೋ ಕಡೆ ಅವರು ಆ ಹಡಗನ್ನು ತುಪಾಯಾನದೆಂದೇ ತಿಳಿದಿದ್ದರು. ಅವನ ತಿಳಿವಳಿಕೆಯಿಂದ ಹುಟ್ಟಿದ, ಎಪ್ಪತ್ತಕ್ಕೂ ಹೆಚ್ಚು ದ್ವೀಪಗಳಿರುವ ನಕ್ಷೆ ಇಂದಿಗೂ ವಿದ್ವಾಂಸರಿಗೆ ಒಗಟು. 1770ರ ಕೊನೆಗೆ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಕಾಯಿಲೆ ಬಿದ್ದು ಸತ್ತ. ಅವನ ಜೊತೆಗಿದ್ದ ತಾಯಾತಾ ಎಂಬ ಹುಡುಗ ಸತ್ತದ್ದೂ ಅಲ್ಲಿಯೇ. ಕುಕ್ ದಿನಚರಿಯಲ್ಲಿ ಜಾಣನೆಂದು ಹೊಗಳಿ, ಕೂಡಲೇ ಗರ್ವಿಷ್ಠನೆಂದೂ ಸೇರಿಸಿದ. ನಾನು ನಾಲ್ಕು ವರ್ಷದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಗರ್ವ ಎಂದರೆ ಏನಿರಬಹುದೆಂದು ಆ ದಿನ ಬಿಸಿಲಲ್ಲಿ ನಿಂತಾಗ ಸ್ವಲ್ಪ ಹೊಳೆಯಿತು. ಬಸ್ಸಿನವರಿಗೆ ಹೇಳುವುದಲ್ಲ ಎಂದು ಅವನೂ ಕೆಲವು ಸಲ ಹೇಳಿದ್ದಿರಬಹುದು. (ಇದಕ್ಕೂ ಆಧಾರವಿಲ್ಲ.)

ವಾಪಸು ಹೊರಟಾಗ ಹನ್ನೊಂದೂವರೆ. ವೇಳಾಪಟ್ಟಿಯಲ್ಲಿ ಮುಂದೆ ಇದ್ದದ್ದು ಒಂದು ವೆನಿಲ್ಲಾ ತೋಟ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ; ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಾದ ಆ ಬಳ್ಳಿಯನ್ನು ನಂಬಿ ಎರಡು ದಶಕದ ಹಿಂದೆ ಕೈಸುಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆದರೆ ತೋಟಕ್ಕಿಂತ ಮೊದಲು ಬಸ್ಸು ರಸ್ತೆಬದಿಯ ಒಂದು ಮನೆಯ ಮುಂದೆ ನಿಂತಿತು. ಪಟ್ಟಿಯಲ್ಲಿ ಅದು ಇರಲಿಲ್ಲ. ತಗಡಿನ ಮಾಡು, ಅಂಗಳದಲ್ಲಿ ಉರು ಮರ, ಗೇಟಿನ ಹತ್ತಿರ ಒಂದು ಮೇಜು. ಮೇಜಿನ ಮೇಲೆ ಬಾಳೆಗೊನೆ, ಪಪ್ಪಾಯಿ, ದೊಡ್ಡ ಹಸಿರು ಚಕ್ಕೋತ, ಬೆಂಕಿಯಲ್ಲಿ ಕಪ್ಪಗೆ ಸುಟ್ಟ ಇಡೀ ಉರು ಕಾಯಿ. ಮೇಜಿನ ಹಿಂದೆ ಹೂಹೂ ಬಟ್ಟೆಯ ಮುದುಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ.

‘ಇವರು ನನ್ನ ಅಮ್ಮ’ ಎಂದಳು ಗೈಡ್. ‘ನಾನು ಹುಟ್ಟಿದ್ದು ಈ ಮನೆಯಲ್ಲಿ. ಬೇಕಾದವರು ಹಣ್ಣು ತೆಗೆದುಕೊಳ್ಳಿ, ಬೇಡವಾದರೆ ಬೇಡ. ನಾನು ಅಮ್ಮನ ಹತ್ತಿರ ಎರಡು ಮಾತಾಡಬೇಕು, ಅದಕ್ಕೆ ನಿಲ್ಲಿಸಿದ್ದು.’ ಮತ್ತೆ ನಮ್ಮನ್ನು ಬಿಟ್ಟು ಅಮ್ಮನ ಹತ್ತಿರ ಹೋಗಿ, ಬಗ್ಗಿ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಮಾತಿಗೆ ಕೂತಳು. ಅದು ಅವಳ ದಿನನಿತ್ಯದ ವ್ಯಾಪಾರವೇ ಇರಬಹುದು, ಬರುವ ಪ್ರತಿ ಬಸ್ಸಿಗೂ ಹೀಗೇ ಹೇಳುತ್ತಿರಬಹುದು. ಗೈಡ್ ಆಗಿದ್ದವಳಿಗೆ ಅಷ್ಟು ಸಂಶಯ ಬರದೆ ಇರುವುದಿಲ್ಲ. ಆದರೂ ನಾನು ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ.

2017ರ ಡಿಸೆಂಬರ್. ಪ್ರತಿ ಸಲ ಕರಕೊಂಡು ಹೋಗುತ್ತಿದ್ದ ಗೇರುಬೀಜದ ಕಾರ್ಖಾನೆಯಲ್ಲಿ ಅವತ್ತು ಏನೋ ತೊಂದರೆ. ಬಸ್ಸು ಹೊರಟ ಮೇಲೆ ಫೋನ್ ಬಂತು, ಬೇರೆ ಕಾರ್ಖಾನೆಗೆ ಹೋಗಿ ಎಂದು. ಹೆಸರು ಕೇಳಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಅಮ್ಮ ಅಲ್ಲಿ ಹದಿನಾರು ವರ್ಷದಿಂದ ಬೀಜ ಒಡೆಯುತ್ತಿದ್ದಳು.

ಅವಳು ಅಲ್ಲಿ ಕೆಲಸ ಮಾಡುತ್ತಾಳೆಂದು ಗೈಡ್ ಗೆಳತಿಯರಿಗೆ ನಾನು ಹೇಳಿರಲಿಲ್ಲ. ಅವರಲ್ಲಿ ಹೆಚ್ಚಿನವರು ಕಾನ್ವೆಂಟಿನಲ್ಲಿ ಓದಿದವರು, ಇಬ್ಬರಿಗೆ ಫ್ರೆಂಚ್ ಬರುತ್ತಿತ್ತು. ಅಮ್ಮನಿಗೂ ಇವತ್ತು ಬರುತ್ತೇನೆಂದು ಹೇಳಿರಲಿಲ್ಲ. ಹೇಳಲು ಸಮಯವೇ ಇರಲಿಲ್ಲ. ಉದ್ದನೆಯ ಶೆಡ್ಡು. ಎರಡು ಸಾಲು ಹೆಂಗಸರು. ಕಾಲಿನಿಂದ ಒತ್ತುವ ಯಂತ್ರ, ಒಂದೊಂದೇ ಬೀಜ ಬ್ಲೇಡಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಎರಡಾಗುತ್ತದೆ. ಗೇರಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ, ಅದಕ್ಕೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಆದರೂ ಬೆರಳು ಕಪ್ಪಾಗುತ್ತದೆ, ಉಗುರಿನ ಸುತ್ತ ಸಿಬಿರು ಏಳುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಆದರೆ ಬಸ್ಸಿನವರಿಗೆ ಪುಸ್ತಕದವಳ ಹಾಗೆ ಹೇಳುತ್ತಿದ್ದೆ: ತಿರುಳಿನ ದರ್ಜೆ ಹೀಗೆ, ಡಬ್ಲ್ಯೂ-320 ಎಂದರೆ ಒಂದು ಪೌಂಡಿಗೆ ಸುಮಾರು 320 ತಿರುಳು, ಡಬ್ಲ್ಯೂ-180 ಎಂದರೆ ಎಲ್ಲಕ್ಕಿಂತ ದೊಡ್ಡದು, ರಾಜ.

ಮೂರನೆಯ ಯಂತ್ರದಲ್ಲಿ ಅಮ್ಮ. ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆಮೇಲೆ ನಾನು ಪಕ್ಕದ ಯಂತ್ರವನ್ನು ತೋರಿಸಿ ಮಾತು ಮುಂದುವರಿಸಿದೆ.

ಅಷ್ಟೇ ಆಗಿದ್ದರೆ ಬೇರೆ. ಗುಂಪಿನಲ್ಲಿ ಒಬ್ಬ ದೊಡ್ಡ ಮೈಯ ಹೆಂಗಸಿದ್ದಳು. ಅವಳಿಗೆ ಅಮ್ಮನ ಕೈಯ ಫೋಟೋ ಬೇಕು. ಕೇಳು ಎಂದು ನನಗೆ ಹೇಳಿದಳು. ನಾನು ಅಮ್ಮನ ಹತ್ತಿರ ಹೋಗಿ, ಮನೆಯಲ್ಲಿ ಎಂದೂ ಆಡದ ಭಾಷೆಯಲ್ಲಿ, ತುಳು ಬಿಟ್ಟು ಕನ್ನಡದಲ್ಲಿ, ‘ಇವರು ನಿಮ್ಮ ಕೈಯ ಫೋಟೋ ತೆಗೆಯಬಹುದಾ ಎಂದು ಕೇಳುತ್ತಿದ್ದಾರೆ’ ಎಂದೆ. ಅಮ್ಮ ಒಂದು ಗಳಿಗೆ ನನ್ನ ಕೊರಳಿನ ಗುರುತಿನ ಚೀಟಿಯನ್ನು ನೋಡಿದಳು. ಕೈ ಸೆರಗಿಗೆ ಒರೆಸಿಕೊಂಡು ಎರಡೂ ಅಂಗೈ ಬಿಡಿಸಿ ಮುಂದೆ ಹಿಡಿದಳು.

‘ತೆಗೀಲಿ ಮೇಡಮ್’ ಎಂದಳು.

ಫೋಟೋ ತೆಗೆದಾಯಿತು. ದೊಡ್ಡ ಹೆಂಗಸು ಅಮ್ಮನ ಕೈಗೆ ಏನೋ ನೋಟು ತುರುಕಿದಳು. ನಾವು ಹೊರಗೆ ಬಂದು ಚಹಾ ಕುಡಿದೆವು, ಹುರಿದ ಗೇರುಬೀಜದ ಪೊಟ್ಟಣ ಕೊಂಡೆವು. ಸಂಜೆ ಮನೆಗೆ ಹೋದಾಗ ಅಮ್ಮ ಮೀನು ಕೊಯ್ಯುತ್ತಿದ್ದಳು. ಅವತ್ತಿನ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳೇಕೆ ಮೇಡಮ್ ಎಂದಳು, ನನ್ನ ಮರ್ಯಾದೆ ಉಳಿಸಲಿಕ್ಕೋ, ನನಗೆ ಚುಚ್ಚಲಿಕ್ಕೋ, ಅಥವಾ ಸೂಪರ್‌ವೈಸರ್ ಹತ್ತಿರದಲ್ಲಿದ್ದನೆಂದೋ? ಎಂಟು ವರ್ಷದಲ್ಲಿ ಬೇರೆಬೇರೆ ಉತ್ತರ ಸರಿ ಎನ್ನಿಸಿದೆ.

‘ನೀವು ಇಳಿಯುವುದಿಲ್ಲವಾ?’ ಎಂದು ಡ್ರೈವರ್ ಕೇಳಿದ. ಇಳಿದೆ. ಮುದುಕಿ ಸುಟ್ಟ ಉರುವಿನ ಕಪ್ಪು ಸಿಪ್ಪೆ ಕೆರೆದು, ಒಳಗಿನ ಹಳದಿ ತಿರುಳಿನ ತುಂಡು ಬಾಳೆಲೆಯಲ್ಲಿ ಕೊಟ್ಟಳು. ಹೊಗೆಯ ವಾಸನೆ, ಬೇಯಿಸಿದ ಗೆಣಸಿನ ಹದ. ಸ್ವಲ್ಪ ಉಪ್ಪು ಖಾರ ಇರಬೇಕಿತ್ತು. ನಮ್ಮ ಊರಲ್ಲೂ ಇದು ಉಂಟು ಎಂದು ಹೇಳಿದೆ. ಮಗಳು ಅದನ್ನು ತಹೀತಿ ಭಾಷೆಗೆ ತಂದಳು. ಮುದುಕಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಏನೋ ಕೇಳಿದಳು. ‘ನಿನ್ನ ಅಮ್ಮ ಅದನ್ನು ಹೇಗೆ ಬೇಯಿಸುತ್ತಾಳೆ ಎಂದು ಕೇಳುತ್ತಿದ್ದಾಳೆ’ ಎಂದಳು ಗೈಡ್. ಅಕ್ಕಿಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕಾಯಿಸುವುದನ್ನು ಕೈಸನ್ನೆಯಲ್ಲಿ ತೋರಿಸಿದೆ. ಮುದುಕಿಗೆ ಎಣ್ಣೆ ಜಾಸ್ತಿಯಾಯಿತೆಂದು ಕಂಡಿತು.

ಗೈಡಿನ ಕೈಗೆ ಹೊರಡುವಾಗ ಐನೂರು ಫ್ರಾಂಕ್ ಕೊಟ್ಟೆ. ಇಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ ಎಂದು ಹಡಗಿನ ಕಾಗದದಲ್ಲಿ ಬರೆದಿತ್ತು. ಅವಳು ನೋಟನ್ನೂ ನನ್ನನ್ನೂ ನೋಡಿ, ಬೇಡ ಎನ್ನದೆ, ‘ಮಾರುರು’ ಎಂದು ಚೀಲಕ್ಕೆ ಹಾಕಿದಳು.

ರಾತ್ರಿ ಹನ್ನೊಂದರ ಮೇಲೆ ಅಣ್ಣ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬಂದ. ಹಿಂಬದಿಯ ಡೆಕ್ಕಿನ ಹತ್ತಿರ, ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತು ಮಾತಾಡಿದೆವು. ಕೆಲಸದವರು ಪ್ರಯಾಣಿಕರ ಜೊತೆ ಕೂರುವ ಹಾಗಿಲ್ಲ, ತಂಗಿಯಾದರೂ. ಹಣ್ಣು ಹಡಗಿಗೆ ತರುವ ಹಾಗಿರಲಿಲ್ಲ, ಅವನಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಮರಾಯೆಯ ಬಗ್ಗೆ ಹೇಳಿದೆ. ‘ಮಾರಾಯಾ?’ ಎಂದು ನಗಾಡಿದ. ನಿರೀಕ್ಷಿಸಿದ್ದೇ. ಮುದುಕಿಯ ವಿಷಯ ಹೇಳಿದೆ. ಕಾರ್ಖಾನೆಯ ವಿಷಯವನ್ನೂ, ಮೊದಲ ಸಲ ಯಾರಿಗಾದರೂ, ಹೇಳಿದೆ. ಅವನು ಸುಮ್ಮನೆ ಕೇಳಿದ. ಅವನ ಕೈಬೆರಳುಗಳ ತುದಿ ದಿನವಿಡೀ ನೀರಲ್ಲಿದ್ದು ಬಿಳುಚಿ ಸುಕ್ಕಾಗಿದ್ದವು.

‘ಇಲ್ಲಿ ನಾನು ಎದುರು ಬಂದಾಗ ನೀನು ಯಾರ ಹತ್ತಿರವಾದ್ರೂ ಹೇಳಿದ್ದೀಯಾ, ನಾನು ನಿನ್ನ ಅಣ್ಣ ಅಂತ?’ ಎಂದು ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದು. ಊಟದ ಮೇಜಿನಲ್ಲಿ ನನ್ನ ಜೊತೆಗಿದ್ದ ಕೆನಡಾದ ದಂಪತಿಗೆ ನಾನು ಸಂಶೋಧಕಿ ಎಂದಷ್ಟೇ ಹೇಳಿದ್ದೆ. ನಾನು ಉತ್ತರ ಹುಡುಕುವಷ್ಟರಲ್ಲಿ, ‘ಹೋಗ್ಲಿ, ನಂಗೆ ಐದಕ್ಕೆ ಏಳ್ಬೇಕು’ ಎಂದು ಹೋದ.

ಮರುದಿನ ಬೆಳಿಗ್ಗೆ ಕೆನಡಾದವರಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು, ಅಡುಗೆಮನೆಗೆ ಹೋಗಿ ಕೈಕುಲುಕಿ ಬರಬಹುದಾ ಎಂದು ಕೇಳಿದರು. ಬೇಡ ಎಂದೆ.

ಶನಿವಾರ ಸಂಜೆ ಪಪೇಯೆಟೆಯಿಂದ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಆಗಲೇ ಭಾನುವಾರ ಬೆಳಿಗ್ಗೆ, ಫ್ಯಾಕ್ಟರಿಗೆ ರಜೆ. ಜೀಗುಜ್ಜೆಯ ಸುದ್ದಿ ಕೇಳಿ, ಅದನ್ನು ಪೋಡಿ ಮಾಡದೆ ಸುಟ್ಟು ತಿನ್ನುತ್ತಾರೆಂದರೆ ನಂಬಲಿಲ್ಲ. ಗೈಡ್ ಹೆಂಗಸಿನ ಬಗ್ಗೆ ಹೇಳಿದೆ, ಅವಳ ಅಮ್ಮನ ಬಗ್ಗೆ ಹೇಳಿದೆ. ಮುಂದಿನದನ್ನು ಹೇಳಬೇಕೆಂದು ಬಾಯಿ ತೆರೆದೆ.

‘ಅವರಿಗೆ ದುಡ್ಡು ಕೊಟ್ಟಿಯಾ?’ ಎಂದಳು ಅಮ್ಮ. ‘ಗೈಡಿನವರಿಗೆ ಸಂಬಳ ಅಂತ ಎಂತ ಸಿಗ್ತದೆ.’

‘ಕೊಟ್ಟೆ. ಐನೂರು.’

‘ಅಲ್ಲಿಯ ಐನೂರಾ? ನಮ್ಮದು ಎಷ್ಟಾಗ್ತದೆ?’

ಲೆಕ್ಕ ಹಾಕಿ, ಹತ್ತಿರ ಹತ್ತಿರ ನಾನೂರು ಎಂದೆ. ಪರವಾಗಿಲ್ಲ ಎಂದಳು. ಆಮೇಲೆ ಏನೋ ನೆನಪಾದವಳ ಹಾಗೆ, ‘ಇಲ್ಲಿ ಡಬ್ಬಿಯಲ್ಲಿ ಐದು ಡಾಲರಿಂದು ಒಂದು ನೋಟು ಹಾಗೇ ಬಿದ್ದುಂಟು. ನೀನು ಬಂದಾಗ ಬದಲಾಯಿಸಿ ಕೊಡು’ ಎಂದಳು.

‘ಯಾವ ನೋಟು?’

‘ಅದೇ ಮಾರಾಯ್ತಿ, ನೀನು ಮೇಡಮ್ ಆಗಿ ಬಂದ ದಿವ್ಸದ್ದು’ ಎಂದು ಅಮ್ಮ ನಕ್ಕಳು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು, ಇಡುತ್ತೇನೆ ಎಂದಳು.